ಆಫ್ ಇದ್ದಾಗಲೂ ಜುಮ್ಮೆನ್ನುವ ಗ್ರೈಂಡರ್

ಗ್ಯಾರೇಜಿನ ಬಾಗಿಲು ಮೊಣಕಾಲೆತ್ತರಕ್ಕೆ ಏಳುವಷ್ಟರಲ್ಲೇ ವಾಸನೆ ಹೊರಗೆ ಬಂದು ನನ್ನನ್ನು ಎದುರುಗೊಂಡಿತು. ಹುಳಿಹಿಟ್ಟು, ಮೂರು ಸಲ ಕಾಯಿಸಿದ ಎಣ್ಣೆ, ಇಂಗು, ಎಲ್ಲೋ ಮೂಲೆಯಲ್ಲಿ ಸತ್ತ ಜಿರಳೆ. ಟೆಕ್ಸಾಸಿನ ಲಿಯಾಂಡರ್ ಊರು, ಆಗಸ್ಟ್ ತಿಂಗಳು, ಬೆಳಿಗ್ಗೆ ಹತ್ತಕ್ಕೇ ಡಾಂಬರು ಮೆತ್ತಗಾಗುವ ಬಿಸಿಲು. ವಾರಗಟ್ಟಲೆ ಮುಚ್ಚಿಟ್ಟ ಊಟದ ಡಬ್ಬಿಯ ಮುಚ್ಚಳ ತೆಗೆದು ನನ್ನನ್ನು ಒಳಗೆ ಬನ್ನಿ ಎಂದು ಕರೆದಂತಾಯಿತು.

ಮನೆಯ ಯಜಮಾನ ಬಾಗಿಲಲ್ಲಿ ನಿಂತು ನನ್ನ ಹಿಂದೆ ಯಾರನ್ನೋ ಹುಡುಕುತ್ತಿದ್ದ. ನಲವತ್ತರ ಆಸುಪಾಸು, ಸಾಫ್ಟ್‌ವೇರಿನವನು.

"ಅಂಕಲ್ ಗಾಡಿ ಪಾರ್ಕ್ ಮಾಡ್ತಿದಾರಾ ಆಂಟಿ?"

"ಅಂಕಲ್ ಮನೇಲಿದ್ದಾರೆ. ಎಲೆಕ್ಟ್ರಿಷಿಯನ್ ನಾನೇ."

"ಓ. ವಾವ್. ಸೂಪರ್," ಎಂದ. ನನಗಿಂತ ಹತ್ತು ವರ್ಷವೂ ಚಿಕ್ಕವನಲ್ಲದವನ ಬಾಯಲ್ಲಿ ಆಂಟಿ ಅನ್ನಿಸಿಕೊಳ್ಳುವುದು ಈ ಕೆಲಸದ ಜೊತೆಗೇ ಬರುವ ಸಾಮಾನು. ಟೂಲ್ ಬೆಲ್ಟಿನ ಹಾಗೆ ಅದನ್ನೂ ಕಟ್ಟಿಕೊಂಡು ಒಳಗೆ ಹೋದೆ.

ಕೆಲಸ ಚಿಕ್ಕದು. ಆ ಗ್ಯಾರೇಜಿನಲ್ಲಿ ಹಿಂದೆ ಬಟ್ಟೆ ಒಣಗಿಸುವ ಡ್ರೈಯರ್ ಇತ್ತಂತೆ. ಅದಕ್ಕೆಂದು ಗೋಡೆಗೆ ಇನ್ನೂರ ನಲವತ್ತು ವೋಲ್ಟಿನ ಲೈನು ಬಂದಿತ್ತು. ಡ್ರೈಯರ್ ಮಹಡಿಗೆ ಹೋದ ಮೇಲೆ ಜಾಗ ಎರಡನೆಯ ಅಡುಗೆಮನೆಯಾಯಿತು. ಒಗ್ಗರಣೆ, ಕರಿಯುವುದು, ರುಬ್ಬುವುದು, ಒಟ್ಟಿನಲ್ಲಿ ಒಳಗಿನ ಬಿಳಿಯ ಅಡುಗೆಮನೆಯ ಮರ್ಯಾದೆಗೆ ಹೊಂದದ್ದೆಲ್ಲ ಇಲ್ಲಿಗೆ. ಈಗ ಅಲ್ಲಿ ಒಂದು ದೊಡ್ಡ ಫ್ರೀಜರ್ ಇಡಬೇಕು. ಅದಕ್ಕೆ ಇಲ್ಲಿಯ ಮಾಮೂಲಿ ನೂರಿಪ್ಪತ್ತು ವೋಲ್ಟ್ ಬೇಕು. ಡ್ರೈಯರಿನ ಲೈನನ್ನು ಮನೆಬಳಕೆಯ ವೋಲ್ಟೇಜಿಗೆ ಇಳಿಸಿ ಕೊಡುವುದು ನನ್ನ ಕೆಲಸ.

ಆದರೆ ಗೋಡೆಯಲ್ಲಿ ನಾಲ್ಕು ತೂತಿನ ಡ್ರೈಯರ್ ಔಟ್‌ಲೆಟ್ ಇರಲಿಲ್ಲ. ಅದರ ಜಾಗದಲ್ಲಿ ನಮ್ಮೂರಿನ ಮೂರು ಪಿನ್ನಿನ ಸಾಕೆಟ್, ಪಕ್ಕದಲ್ಲೇ ಅದರ ಸ್ವಿಚ್ಚು, ಕೆಂಪು ದೀಪದ ಸಮೇತ. ಅದಕ್ಕೆ ಸಿಕ್ಕಿಸಿದ್ದು ಊರಿನಿಂದ ತಂದ ಕಲ್ಲಿನ ಗ್ರೈಂಡರ್.

"ಬೆಂಗಳೂರಿಂದ ತಂದು ನಾನೇ ಫಿಟ್ ಮಾಡಿದ್ದು ಆಂಟಿ. ಊರಲ್ಲೂ ಟೂ ಫಾರ್ಟಿ, ಇಲ್ಲೂ ಟೂ ಫಾರ್ಟಿ! ಟ್ರಾನ್ಸ್‌ಫಾರ್ಮರೇ ಬೇಡ. ಗ್ರೂಪಲ್ಲಿ ಫೋಟೋ ಹಾಕಿದ್ದೆ. ಮಿಸೌರಿ ಸಿಟೀಲಿರೋ ನನ್ನ ಕಸಿನ್ ಮಾಡ್ಕೊಂಡ, ಲಿಟಲ್ ಎಲ್ಮ್‌ನಲ್ಲಿ ಒಬ್ರು ಮಾಡ್ಕೊಂಡ್ರು. ನಾನು ಬಿ.ಇ. ಎಲೆಕ್ಟ್ರಿಕಲ್ಲೇ, ಆಮೇಲೆ ಸಾಫ್ಟ್‌ವೇರ್‌ಗೆ ಬಂದೆ."

ಸಾಕೆಟ್ಟಿನ ಸುತ್ತ ಗೋಡೆಗೆ ಒಣಗಿದ ಹಿಟ್ಟು ಪದರಪದರವಾಗಿ ಹತ್ತಿತ್ತು. ಗ್ರೈಂಡರಿನ ಅಡಿಯಲ್ಲಿ ಬೂದುಬಣ್ಣದ ಲೋಳೆ. ಬಗ್ಗಿ ನೋಡಿದವಳು ಬೇಗನೆ ಎದ್ದೆ.

ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಯಜಮಾನನ ತಾಯಿ, ಧಾರವಾಡದವರು.

"ಇದಕ್ಕ ಕೈ ಹಚ್ಚಿದ್ರ ಜುಮ್ ಅಂತದರಿ," ಎಂದರು ಗ್ರೈಂಡರಿನ ಕಡೆ ಗದ್ದ ತೋರಿಸಿ.

"ಅಮ್ಮಾ, ಅದು ಶುಗರ್ದು. ಡಾಕ್ಟರೇ ಹೇಳಿದಾರಲ್ಲ ಮನೇಲಿ," ಎಂದ ಮಗ. ಸೊಸೆ ಡಾಕ್ಟರಂತೆ. ಸಕ್ಕರೆ ಕಾಯಿಲೆಯವರಿಗೆ ನರ ಸೋತು ಕೈಕಾಲು ಜುಮುಗುಡುವುದು ಮಾಮೂಲಿ ಎಂದು, ಅದಕ್ಕೆಂದೇ ಅಜ್ಜಿಗೆ ಮಾತ್ರೆ ಶುರುವಾಗಿತ್ತು.

"ಬಂದ್ ಮಾಡಿದ್ರೂ ಅಂತದ. ತೊಳೆಯೂ ಮುಂದ ಅಂತದ."

ನಾನು ಮೀಟರ್ ತೆಗೆದೆ. ಪ್ಲಗ್ಗು ಕಿತ್ತು, ಸಾಕೆಟ್ಟಿನ ಎರಡು ತೂತುಗಳಿಗೆ ಮೀಟರಿನ ಕಡ್ಡಿ ಹಾಕಿ ಸ್ವಿಚ್ ಹಾಕಿದೆ: ಇನ್ನೂರ ನಲವತ್ತೊಂದು. ಆರಿಸಿದೆ: ಸೊನ್ನೆ.

"ಆಫ್ ಇದ್ರೆ ಹೊಡೆಯಲ್ಲ ಅಜ್ಜಿ. ಹೆದರ್ಕೋಬೇಡಿ," ಎಂದೆ.

ಈ ವಾಕ್ಯವನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ಸಾಮಾನ್ಯವಾಗಿ ನಾನು ಹಾಗೆ ಅರ್ಧಕ್ಕೆ ಬಿಡುವವಳಲ್ಲ. ಬ್ರೇಕರಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಂಡ ಮೇಲೆ ಕೀಲಿ ಜೇಬಿನಲ್ಲಿದೆಯೇ ಎಂದು ಎರಡು ಸಲ ಮುಟ್ಟಿ ನೋಡುತ್ತೇನೆ. ಮನೆಗೆ ಬಂದ ಮೇಲೆ ಯಾವ ಮನೆಯ ಯಾವ ಸ್ಕ್ರೂ ಸಡಿಲ ಬಿಟ್ಟೆನೋ ಎಂದು ಊಟದ ತಟ್ಟೆಯ ಮುಂದೆ ಕೂತು ಲೆಕ್ಕ ಹಾಕುತ್ತೇನೆ. "ಅಮ್ಮಾ, ಯು ವರಿ ಪ್ರೊಫೆಷನಲೀ," ಎನ್ನುತ್ತಾಳೆ ಮಗಳು. ಒಂದೊಂದು ತೂತಿನಿಂದ ನೆಲಕ್ಕೆ ಎಷ್ಟು ವೋಲ್ಟ್ ಎಂದು ಅಳೆಯಬೇಕಿತ್ತು. ಅಳೆಯಲು ಅರ್ಧ ನಿಮಿಷ ಸಾಕಿತ್ತು. ಆದರೆ ಆ ವಾಸನೆಯಲ್ಲಿ ಇನ್ನರ್ಧ ನಿಮಿಷ ಬಗ್ಗಿ ನಿಲ್ಲುವುದು ನನ್ನಿಂದಾಗಲಿಲ್ಲ. ಮೂಗು ಮುಚ್ಚಿಕೊಳ್ಳುವ ಅವಸರದಲ್ಲಿ ತಲೆಯನ್ನೂ ಮುಚ್ಚಿಕೊಂಡೆ.

ಅವತ್ತೇ ಕೆಲಸ ಮುಗಿಸುವಂತಿರಲಿಲ್ಲ. ಬ್ರೇಕರ್‌ಗಳ ಪ್ಯಾನೆಲ್ಲಿನ ಮುಂದೆ ಅಕ್ಕಿಮೂಟೆಗಳ ಗೋಡೆಯೇ ಇತ್ತು. ಆ ಪ್ಯಾನೆಲ್ಲಿಗೆ ಹೊಂದುವ ಇಪ್ಪತ್ತು ಆಂಪಿಯರಿನ ಒಂಟಿ ಬ್ರೇಕರ್ ನನ್ನ ವ್ಯಾನಿನಲ್ಲಿರಲಿಲ್ಲ. ಇಲ್ಲಿಯ ನಗರಸಭೆಯ ಪರ್ಮಿಟ್ಟನ್ನೂ ನಮ್ಮ ಮೇಷ್ಟ್ರು ತೆಗೆಯಬೇಕಿತ್ತು. ಮೇಷ್ಟ್ರು ಅಂದರೆ ಮಾಸ್ಟರ್ ಎಲೆಕ್ಟ್ರಿಷಿಯನ್ ಲೈಸೆನ್ಸಿರುವ, ನಾನು ಕೆಲಸ ಮಾಡುವ ಕಂಪನಿಯ ಮಾಲೀಕರು, ಎಪ್ಪತ್ತರ ಹತ್ತಿರದ ಟೆಕ್ಸಾಸಿನ ಮುದುಕ. ನಾನಿಟ್ಟ ಹೆಸರು ಅವರಿಗೆ ಗೊತ್ತು, ಅರ್ಥ ಗೊತ್ತಿಲ್ಲ. ಮಂಗಳವಾರ ಬರುತ್ತೇನೆ ಎಂದೆ.

"ಒಳ್ಳೇದೇ ಆಯ್ತು. ನಾಳೆ ಭಾನುವಾರ ಜನ ಬರ್ತಾರೆ, ಅಮ್ಮ ಅಕ್ಕಿ ಉದ್ದು ನೆನೆ ಹಾಕಿದಾರೆ. ಲಾಸ್ಟ್ ದೋಸೆ ಫ್ರಂ ದಿಸ್ ಗ್ರೈಂಡರ್," ಎಂದು ಯಜಮಾನ ನಕ್ಕ.

ಅಜ್ಜಿ ನಗಲಿಲ್ಲ. "ಇಲ್ಲಿ ಇದು ಭಾಳ ಜೋರು ತಿರಗತದ. ಹಿಟ್ಟು ಬೆಚ್ಚಗಾಗತದ. ಆದ್ರೂ ಇರಲಿ," ಎಂದರು. ಗ್ರೈಂಡರ್ ಅವರದಾಗಿತ್ತು. ಆ ಮನೆಯಲ್ಲಿ ಅವರದು ಅನ್ನುವಂಥ ಬೇರೆ ವಸ್ತು ನನ್ನ ಕಣ್ಣಿಗೆ ಬೀಳಲಿಲ್ಲ.

ಮಂಗಳವಾರ ಹೋದಾಗ ಅಕ್ಕಿಮೂಟೆಗಳು ಸರಿದಿದ್ದವು. ಅಜ್ಜಿ ಅದೇ ಸ್ಟೂಲಿನ ಮೇಲಿದ್ದರು. ಎಡಮೊಣಕೈಗೆ ಬ್ಯಾಂಡೇಜು, ಕೆನ್ನೆಯ ಮೇಲೆ ಅಂಗೈಯಗಲ ನೀಲಿ. ಕಣ್ಣುಗಳು ಅರ್ಧ ಮುಚ್ಚಿದ್ದವು.

"ಏನಾಯ್ತು?"

"ಭಾನುವಾರ ಇಲ್ಲೇ ಬಿದ್ರು ಆಂಟಿ," ಎಂದ ಮಗ. "ಗ್ರೈಂಡರ್ ತೊಳೀತಾ ತಲೆ ಸುತ್ತು ಬಂದಿದೆ. ಶುಗರ್ ಏರುಪೇರು. ನರದ ಮಾತ್ರೆ ಡೋಸ್ ಜಾಸ್ತಿ ಮಾಡಿದಾಳೆ ಇವಳು. ಅದಕ್ಕೇ ಸ್ವಲ್ಪ ಮಂಪರು. ಇನ್ಮೇಲೆ ಈ ಕಡೆ ಬರೋದೇ ಬೇಡ ಅಂದಿದೀವಿ, ಕೇಳಲ್ಲ."

"ತಲಿ ಸುತ್ತಲಿಲ್ಲ," ಎಂದರು ಅಜ್ಜಿ. ಮಾತು ತೊದಲುತ್ತಿತ್ತು. "ಜಗ್ಗಿ ಒಗೀತು."

ನಾನು ಗ್ರೈಂಡರಿನ ಕಡೆ ತಿರುಗಿದೆ. ಆದರೂ ಮೊದಲು ಕೆಲಸದ ಕ್ರಮ. ಪ್ಯಾನೆಲ್ಲಿನಲ್ಲಿ 'ಡ್ರೈಯರ್' ಎಂದು ಬರೆದ ಜೋಡಿ ಬ್ರೇಕರನ್ನು ಆರಿಸಿ ಬೀಗ ಹಾಕಿದೆ. ಈ ಸಲ ಮೀಟರನ್ನು ಮೊದಲು ಗೊತ್ತಿರುವ ಲೈನಿಗೆ ಹಿಡಿದು ಮೀಟರೇ ಸರಿಯಿದೆ ಎಂದು ಖಚಿತ ಮಾಡಿಕೊಂಡು ಆಮೇಲೆ ಸ್ವಿಚ್ ಹಾಕಿ ಸಾಕೆಟ್ಟಿಗೆ ಹಿಡಿದೆ. ಇನ್ನೂರ ನಲವತ್ತೊಂದು. ಕರೆಂಟು ಹಾಗೇ ಇದೆ! ಪ್ಯಾನೆಲ್ಲಿಗೆ ಮರಳಿ ಟಾರ್ಚ್ ಹಿಡಿದರೆ ಕೆಳಗಿನ ಸಾಲಿನಲ್ಲಿ ಇನ್ನೊಂದು ಜೋಡಿ ಬ್ರೇಕರು, ಅದರ ಪಕ್ಕದಲ್ಲೂ ಪೆನ್ಸಿಲಿನಲ್ಲಿ 'ಡ್ರೈಯರ್'. ಮಹಡಿಗೆ ಹೊಸ ಲೈನು ಎಳೆದ ಪುಣ್ಯಾತ್ಮ ಹಳೆಯ ಹೆಸರನ್ನು ಅಳಿಸಿರಲಿಲ್ಲ. ಅದನ್ನು ಆರಿಸಿ, ಬೀಗ ಬದಲಿಸಿ, ಮತ್ತೆ ಅಳೆದೆ. ಸೊನ್ನೆ. ಪ್ರತಿ ತೂತಿನಿಂದ ಪ್ಯಾನೆಲ್ಲಿನ ಲೋಹದ ಡಬ್ಬಿಗೂ ಸೊನ್ನೆ. ಮೀಟರನ್ನು ಮತ್ತೆ ಗೊತ್ತಿರುವ ಲೈನಿಗೆ ಹಿಡಿದೆ. ಕೀಲಿ ಜೇಬಿನಲ್ಲಿತ್ತು, ಎರಡೂ ಸಲ.

ಸಾಕೆಟ್ಟಿನ ಮುಖ ಬಿಚ್ಚಿದೆ. ಒಳಗಿನಿಂದ ಎರಡು ಜಿರಳೆಮರಿಗಳು ಹೊರಬಿದ್ದವು, ಆಮೇಲೆ ಪುಡಿಯಾದ ಹಿಟ್ಟು. ಗೋಡೆಯಿಂದ ಬಂದ ಕೇಬಲಿನಲ್ಲಿ ನಾಲ್ಕು ತಂತಿ: ಕಪ್ಪು, ಕೆಂಪು, ಬಿಳಿ, ಮತ್ತು ಕವಚವಿಲ್ಲದ ಬರಿ ತಾಮ್ರ. ಸಾಕೆಟ್ಟಿಗೆ ಸೇರಿದ್ದವು ಕೆಂಪು ಮತ್ತು ಕಪ್ಪು ಮಾತ್ರ. ಬಿಳಿ ತಂತಿಯನ್ನು ಮಡಚಿ ಹಿಂದಕ್ಕೆ ತುರುಕಿದ್ದರು. ಬರಿ ತಾಮ್ರಕ್ಕೆ ಬುಡದಿಂದ ತುದಿಯವರೆಗೆ ಕಪ್ಪು ಇನ್ಸುಲೇಷನ್ ಟೇಪನ್ನು, ಮುರಿದ ಕಾಲಿಗೆ ಪಟ್ಟಿ ಕಟ್ಟಿದಷ್ಟು ಶ್ರದ್ಧೆಯಿಂದ, ಸುತ್ತಿದ್ದರು.

"ಇದು ಯಾಕೆ ಹೀಗೆ?"

"ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್," ಎಂದು ಮಗ್ಗಿಯ ಹಾಗೆ ಹೇಳಿದ ಯಜಮಾನ. "ಹಸಿರು ಇರಲೇ ಇಲ್ಲ ಆಂಟಿ. ಬಿಳೀದು ಎಕ್ಸ್‌ಟ್ರಾ. ಇದೊಂದು ಬೋಳು ತಂತಿ ಸುಮ್ನೆ ಒಳಗಿತ್ತು. ಯಾರಾದ್ರೂ ಮುಟ್ಟಿದ್ರೆ ಡೇಂಜರ್ ಅಂತ ನಾನೇ ಟೇಪ್ ಸುತ್ತಿದೆ."

ನಾನು ಬಯ್ಯಬೇಕಿತ್ತು. ಬಯ್ಯಲಾಗಲಿಲ್ಲ, ಯಾಕೆಂದರೆ ಆ ಮಗ್ಗಿ ನನಗೂ ಬಾಯಿಪಾಠ. ಊರಿನ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ನಾನೂ ಅದನ್ನೇ ಹೇಳಿ ಪಾಸಾದವಳು. ಇಲ್ಲಿ ಆ ಬೋಳು ತಂತಿಯೇ ಅರ್ಥ್. ಬಿಳಿಯದೇ ನ್ಯೂಟ್ರಲ್. ಕಪ್ಪೂ ಕೆಂಪೂ ಎರಡೂ ಜೀವಂತ, ನೆಲಕ್ಕೆ ಹೋಲಿಸಿದರೆ ಒಂದೊಂದರಲ್ಲೂ ನೂರಿಪ್ಪತ್ತು. ಎರಡೂ ಸೇರಿ ಇನ್ನೂರ ನಲವತ್ತು. ನಮ್ಮೂರಿನ ಸ್ವಿಚ್ಚು ಕಡಿಯುವುದು ಒಂದು ತಂತಿಯನ್ನು ಮಾತ್ರ. ಇಲ್ಲಿ ಅದು ಕೆಂಪನ್ನು ಕಡಿಯುತ್ತಿತ್ತು. ಕಪ್ಪು ತಂತಿಯ ಕರೆಂಟು ಸ್ವಿಚ್ ಆಫ್ ಆದ ಮೇಲೂ ಗ್ರೈಂಡರಿನ ಮೋಟರಿನೊಳಗೆ ಹೋಗಿ ಕೂತಿರುತ್ತಿತ್ತು. ಒಳಗೆ ಹಿಟ್ಟಿನ ನೀರು ಇಳಿದು ಕರೆಂಟು ಅದರ ಲೋಹದ ಮೈಗೆ ಸೋರುತ್ತಿತ್ತು. ಸೋರಿದ್ದನ್ನು ನೆಲಕ್ಕೆ ಒಯ್ಯಬೇಕಾದ ತಂತಿಗೆ ಟೇಪು. ಉಳಿದ ದಾರಿ ಅಜ್ಜಿಯ ಬೆರಳು.

ಶನಿವಾರ ನಾನು ಎರಡು ತೂತುಗಳ ನಡುವೆ ಸೊನ್ನೆ ನೋಡಿ, ನ್ಯೂಟ್ರಲ್ ಅನ್ನುವುದು ಎಲ್ಲ ಊರಲ್ಲೂ ಸಾಧು ಪ್ರಾಣಿ ಎಂದು ನಂಬಿ, ಅಭಯ ಕೊಟ್ಟು ಹೋಗಿದ್ದೆ. ಅವನಾದರೂ ಕೋಡ್ ಬರೆಯುವವನು. ನನ್ನ ಜೇಬಿನಲ್ಲಿ ಲೈಸೆನ್ಸ್ ಇತ್ತು.

ಡ್ರೈವ್‌ವೇಗೆ ಬಂದು ಮೇಷ್ಟ್ರಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು, "ಇನ್ನೊಂದು ತಂತಿಯಲ್ಲಿ ಏನು ಹರಿಯುತ್ತಿದೆ ಅಂದುಕೊಂಡಿದ್ದೆ, ಮಜ್ಜಿಗೆಯಾ?" ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಏನೋ ಅಂದರು. ಆಮೇಲೆ, "ಆ ಹೆಂಗಸು ಬದುಕಿದ್ದಾರೆ ತಾನೇ? ಹಾಗಾದರೆ ಅವರಿಗೆ ನಿಜ ಹೇಳು," ಎಂದು ಇಟ್ಟುಬಿಟ್ಟರು.

ವಾಪಸ್ ಬಂದು ಯಜಮಾನನಿಗೆ ಹೇಳಿದೆ. ಅವನ ಮುಖದ ಬಣ್ಣ ಹೋಯಿತು, ಒಂದೇ ಕ್ಷಣ. ಆಮೇಲೆ ಅವನೊಳಗಿನ ಇಂಜಿನಿಯರ್ ಎದ್ದು ಕೂತ.

"ಸರಿ ಆಂಟಿ, ಹೇಗೂ ಕನ್ವರ್ಟ್ ಮಾಡ್ತಿದೀರಲ್ಲ. ಮಾಡ್ಬಿಡಿ. ಪ್ರಾಬ್ಲಂ ಸಾಲ್ವ್ಡ್. ಸುಮ್ನೆ ಇವಳಿಗೆಲ್ಲ ಯಾಕೆ ಟೆನ್ಷನ್..."

ಅವನು ಹೇಳಿದ್ದು ಸುಲಭದ ದಾರಿ. ಒಂದು ಗಂಟೆಯಲ್ಲಿ ಆ ಲೈನು ನೂರಿಪ್ಪತ್ತಾಗುತ್ತದೆ. ಗ್ರೈಂಡರ್ ಮೂಲೆಗೆ ಹೋಗುತ್ತದೆ, ಸಾಕೆಟ್ಟು ಕಸಕ್ಕೆ. ಅವನ ಟೇಪೂ ನನ್ನ ಸೊನ್ನೆಯೂ ಒಟ್ಟಿಗೆ ಮಾಯ. ಉಳಿಯುವುದು ಅಜ್ಜಿಯ 'ಶುಗರು' ಮಾತ್ರ, ಏರಿದ ಮಾತ್ರೆಯ ಸಮೇತ. ನನಗೆ ಆ ದಾರಿಯ ಮೇಲೆ ಎಷ್ಟು ಆಸೆಯಾಯಿತು ಎಂದು ಹೇಳಿಕೊಳ್ಳಲು ನಾಚಿಕೆ. ಕೈ ಆಗಲೇ ಸಾಕೆಟ್ಟಿನ ತಂತಿ ಬಿಚ್ಚಲು ಸ್ಕ್ರೂಡ್ರೈವರ್ ಹುಡುಕುತ್ತಿತ್ತು. ಆಗ ಅಜ್ಜಿ ಸ್ಟೂಲಿನ ಮೇಲೆ ಕೂತಲ್ಲೇ ವಾಲಿದರು. ಬೀಳಲಿಲ್ಲ, ನಿದ್ದೆ. ಬೆಳಗಿನ ಹನ್ನೊಂದಕ್ಕೆ, ಬಾಯಿ ತೆರೆದು, ಗೋಡೆಗೆ ತಲೆ ಆನಿಸಿ.

"ನಿಮ್ಮ ಮನೆಯವರನ್ನ ಕರೀರಿ," ಎಂದೆ.

"ಅವಳು ಇವತ್ತೊಂದಿನ ಆಫ್ ತಗೊಂಡಿದಾಳೆ ಆಂಟಿ, ಮಲಗಿದಾಳೆ..."

"ಕರೀರಿ. ಅವರು ನೋಡೋವರೆಗೂ ನಾನು ಒಂದು ತಂತೀನೂ ಬಿಚ್ಚಲ್ಲ."

ಸಾಕೆಟ್ಟಿನ ಮುಖವನ್ನು ಮತ್ತೆ ಮುಚ್ಚಿದೆ. ಅದಕ್ಕೆ ಮೊದಲು ಬೋಳು ತಂತಿಯ ಟೇಪು ಸುಲಿದೆ. ಅಂಟು ಕರಗಿ ಬೆರಳಿಗೆಲ್ಲ ಮೆತ್ತಿತು. ಆ ತಂತಿಗೆ ಉದ್ದದ ಒಂದು ಹಸಿರು ತಂತಿ ಜೋಡಿಸಿ ಹೊರಗೆ ಬಿಟ್ಟೆ. ಗ್ರೈಂಡರಿನ ಪ್ಲಗ್ಗನ್ನು ಮತ್ತೆ ಸಿಕ್ಕಿಸಿ, ಎರಡೂ ಸ್ವಿಚ್ಚು ಆರಿಸಿಟ್ಟೆ. ವ್ಯಾನಿನಿಂದ ಪುಟ್ಟ ನೈಟ್‌ಲ್ಯಾಂಪಿನ ಬಲ್ಬು ತಂದು, ಅದರ ಒಂದು ತುದಿಯನ್ನು ಕ್ಲಿಪ್ಪಿನಿಂದ ಗ್ರೈಂಡರಿನ ಸ್ಟೀಲ್ ಪಾತ್ರೆಗೆ, ಇನ್ನೊಂದನ್ನು ಹಸಿರು ತಂತಿಗೆ ಕಚ್ಚಿಸಿದೆ. ಬರಿ ಮೀಟರ್ ತೋರಿಸಿದರೆ ಬಿ.ಇ. ಎಲೆಕ್ಟ್ರಿಕಲ್ ಅದನ್ನು ಭ್ರಮೆಯ ವೋಲ್ಟೇಜ್, ನಿಜವಾದ ಕರೆಂಟಲ್ಲ ಅನ್ನುತ್ತಾನೆಂದು ಗೊತ್ತಿತ್ತು. ಅಜ್ಜಿಯನ್ನು ಎಬ್ಬಿಸಿ ಬಾಗಿಲ ಆಚೆ ಕೂರಿಸಿದೆ. ಯಾರೂ ಯಾವುದನ್ನೂ ಮುಟ್ಟಬೇಡಿ ಎಂದು ಮೂರು ಸಲ ಹೇಳಿ ಬ್ರೇಕರ್ ಹಾಕಿದೆ.

ಸೊಸೆ ಕೂದಲು ಗಂಟು ಕಟ್ಟಿಕೊಳ್ಳುತ್ತ ಬಂದು ನಿಂತಳು. ಮೈಸೂರಿನ ಹುಡುಗಿ. ಮೂಗಿಗೆ ಅಂಗೈ ಅಡ್ಡ ಇಟ್ಟುಕೊಂಡಿದ್ದಳು. ಆ ವಾಸನೆ ಅವಳಿಗೂ ಹೊಸದಿರಬೇಕು. ಇಲ್ಲಿಗೆ ಬರುವ ಅಭ್ಯಾಸವೇ ಇರಲಿಲ್ಲವೇನೋ.

"ಸಾಕೆಟ್ ಸ್ವಿಚ್ ನೋಡಿ. ಆಫ್ ಇದೆಯಾ?"

"ಆಫ್ ಇದೆ."

"ಗ್ರೈಂಡರ್ ಸ್ವಿಚ್?"

"ಅದೂ ಆಫ್."

"ಈಗ ಬಲ್ಬ್ ನೋಡಿ."

ಬಲ್ಬು ಮಂದವಾಗಿ, ಬೂದಿ ಮುಚ್ಚಿದ ಕೆಂಡದ ಹಾಗೆ, ಉರಿಯುತ್ತಿತ್ತು.

"ವಾಟ್?" ಎಂದ ಗಂಡ. ಬಲ್ಬಿನ ಹತ್ತಿರ ಬಗ್ಗಿದ. ನಾನು ಭುಜ ಹಿಡಿದು ಹಿಂದಕ್ಕೆಳೆದೆ.

ನಾನು ಬ್ರೇಕರ್ ಆರಿಸಿ ಬೀಗ ಹಾಕಿದೆ. ಸೊಸೆ ಗಂಡನನ್ನೂ ನನ್ನನ್ನೂ ದಾಟಿ ಅತ್ತೆಯ ಮುಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತಳು.

"ಅತ್ತೆ, ಎಲ್ಲೆಲ್ಲಿ ಜುಮ್ ಅಂತಿತ್ತು? ತೋರ್ಸಿ."

ಅಜ್ಜಿ ಬಲಗೈಯ ಎರಡು ಬೆರಳು ಎತ್ತಿದರು.

"ಎಡಗೈ?"

"ಇಲ್ಲ."

"ಕಾಲಲ್ಲಿ? ಪಾದದಲ್ಲಿ?"

"ಕಾಲಿಗೆ ಏನ್ ಆಗ್ಯದ? ಇದನ್ನ ಮುಟ್ಟಿದ್ರಷ್ಟ."

ಸೊಸೆ ಆ ಎರಡು ಬೆರಳನ್ನು ತನ್ನ ಕೈಗೆ ತೆಗೆದುಕೊಂಡಳು. ಸಕ್ಕರೆಯಿಂದ ನರ ಸೋಲುವುದು ಸಾಮಾನ್ಯವಾಗಿ ಪಾದದಿಂದ ಶುರುವಾಗುತ್ತದಂತೆ. ಆಮೇಲೆ ಅವಳೇ ನನಗೆ ಹೇಳಿದಳು. ಇದು ಕಾಲೇಜಿನಲ್ಲಿ ಕಲಿಯುವ ಪಾಠವಂತೆ. ಬೇರೆಯವರ ಅತ್ತೆಯಾಗಿದ್ದರೆ ಮೊದಲ ಪ್ರಶ್ನೆಯೇ ಅದಾಗಿರುತ್ತಿತ್ತು, ಎಂದಳು. ಅವಳ ದನಿಯಲ್ಲಿದ್ದ, ತನ್ನ ಮೇಲಿನ ಹೇಸಿಗೆಯ ಗುರುತು ನನಗೆ ಚೆನ್ನಾಗಿಯೇ ಸಿಕ್ಕಿತು.

"ಆ ಗುಳಿಗಿ ಇನ್ನ ಬ್ಯಾಡಲ್ಲ?" ಎಂದು ಕೇಳಿದರು ಅಜ್ಜಿ.

"ಬೇಡ ಅತ್ತೆ. ಒಂದೇ ಸಲ ಬಿಡೋ ಹಾಗಿಲ್ಲ, ಕಡಿಮೆ ಮಾಡ್ತಾ ನಿಲ್ಲಿಸೋಣ. ಈಗ ನಡೀರಿ, ಹಾರ್ಟ್ ಒಂದು ಚೆಕ್ ಮಾಡಿಸ್ಕೊಂಡು ಬರೋಣ. ಈಗ್ಲೇ."

"ಈಗ ಬ್ಯಾಡ. ಇವರು ಏನ್ ಮಾಡ್ತಾರ ನೋಡಿ ಬರ್ತೀನಿ."

ಸೊಸೆ ಅತ್ತೆಯ ಮಾತಿಗೆ ಎದುರಾಡದೆ, ಅಲ್ಲೇ ಅವರ ನಾಡಿ ಹಿಡಿದು ಕೂತಳು. ಹಾಗಾಗಿ ನಾನು ಇಬ್ಬರು ಹೆಂಗಸರ ಕಣ್ಣ ಮುಂದೆ ಕೆಲಸ ಮಾಡಿದೆ. ಪ್ಯಾನೆಲ್ಲಿನಿಂದ ಮೂವತ್ತು ಆಂಪಿಯರಿನ ಜೋಡಿ ಬ್ರೇಕರ್ ಕಿತ್ತು ಇಪ್ಪತ್ತರ ಒಂಟಿ ಬ್ರೇಕರ್ ಕೂರಿಸಿ ಅದಕ್ಕೆ ಕಪ್ಪು ತಂತಿ ಕೊಟ್ಟೆ. ಕೆಂಪು ತಂತಿಯ ಎರಡೂ ತುದಿಗೆ ಪ್ಲಾಸ್ಟಿಕ್ ಟೋಪಿ ಹಾಕಿ, ಚೀಟಿ ಅಂಟಿಸಿ ಮಲಗಿಸಿದೆ. ಖಾಲಿಯಾದ ಕಿಂಡಿಗೆ ಮುಚ್ಚಳ. ಇತ್ತ ಗೋಡೆಯ ಡಬ್ಬಿಯನ್ನು ಕೆರೆದು, ಉಜ್ಜಿ, ವಾಕರಿಕೆ ನುಂಗಿ, ಮತ್ತೆ ಉಜ್ಜಿದೆ. ಡ್ರೈಯರಿನ ದಪ್ಪ ತಂತಿ ಹೊಸ ಔಟ್‌ಲೆಟ್ಟಿಗೆ ಬಗ್ಗುವುದಿಲ್ಲ. ಕಪ್ಪು, ಬಿಳಿ, ಬೋಳು ಮೂರಕ್ಕೂ ತೆಳುವಾದ ತುಂಡು ತಂತಿಯ ಬಾಲ ಜೋಡಿಸಿ, ಸೋರಿಕೆ ಕಂಡರೆ ಕೂಡಲೇ ತಾನೇ ಕಡಿದುಕೊಳ್ಳುವ ಔಟ್‌ಲೆಟ್ ಹಾಕಿದೆ. ಅಳೆದೆ. ಕಪ್ಪಿನಿಂದ ಬಿಳಿಗೆ ನೂರಿಪ್ಪತ್ತು. ಕಪ್ಪಿನಿಂದ ನೆಲಕ್ಕೆ ನೂರಿಪ್ಪತ್ತು. ಬಿಳಿಯಿಂದ ನೆಲಕ್ಕೆ ಸೊನ್ನೆ. ಮೂರನ್ನೂ ಎರಡೆರಡು ಸಲ.

ಅಷ್ಟು ಹೊತ್ತೂ ಯಜಮಾನ ಡ್ರೈವ್‌ವೇಯಲ್ಲಿ ಫೋನ್ ಹಿಡಿದು ಓಡಾಡುತ್ತಿದ್ದ. ಮೊದಲು ಮಿಸೌರಿ ಸಿಟಿಗೆ, ಆಮೇಲೆ ಲಿಟಲ್ ಎಲ್ಮ್‌ಗೆ. ಅವನ ಹೆಂಡತಿ ಒಂದೇ ಮಾತಿನಲ್ಲಿ ಅವನನ್ನು ಅಲ್ಲಿಗೆ ಅಟ್ಟಿದ್ದಳು. "ಇಲ್ಲ ಮಗಾ, ಆಫ್ ಇದ್ರೂ ಹೊಡಿಯುತ್ತೆ... ನಾನೇ ನೋಡಿದೆ ಕಣೋ... ಬ್ರೇಕರ್ ಆಫ್ ಮಾಡು ಫಸ್ಟು," ಎನ್ನುತ್ತಿದ್ದ. ಕಸಿನ್ ನಂಬುತ್ತಿರಲಿಲ್ಲವೆಂದು ಕಾಣುತ್ತದೆ.

ಸಾಮಾನು ಕಟ್ಟುವ ಮೊದಲು ಅಜ್ಜಿಯನ್ನು ಕರೆದು ಔಟ್‌ಲೆಟ್ಟಿನ ನಡುವಿನ ಪರೀಕ್ಷೆಯ ಗುಂಡಿ ತೋರಿಸಿದೆ. ಒತ್ತಿದರು. ಟಕ್ ಎಂದು ಹಸಿರು ದೀಪ ಆರಿತು. ಇನ್ನೊಂದು ಗುಂಡಿ ಒತ್ತಿದರು, ಹತ್ತಿತು. ಮೂರು ನಾಲ್ಕು ಸಲ ಒತ್ತಿ ನೋಡಿದರು.

"ಅಜ್ಜಿ, ಶನಿವಾರ ಆಫ್ ಇದ್ರೆ ಹೊಡೆಯಲ್ಲ ಅಂತ ನಾನೇ ಹೇಳಿದೆ. ಸರಿಯಾಗಿ ಅಳೆಯದೆ ಹೇಳಿದೆ. ತಪ್ಪು ನಂದು. ನೀವು ಹೇಳಿದ್ದೇ ಸರಿ."

ಅವರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

"ವರ್ಷದಿಂದ ರಬ್ಬರ್ ಚಪ್ಪಲಿ ಹಾಕ್ಕೊಂಡ ರುಬ್ಬತಿದ್ದೆ ನಾ. ಚಪ್ಪಲಿ ಇದ್ರ ಭಾಳ ಅನ್ನೂದಿಲ್ಲ, ನಂಗ ಗೊತ್ತಿತ್ತು," ಎಂದರು. "ನೀವು ಓದಿದವರು, ಹೊಡಿಯೂದಿಲ್ಲ ಅಂದ್ರಿ. ಅದಕ್ಕ ಭಾನುವಾರ ಚಪ್ಪಲಿ ಬಿಟ್ಟ ನಿಂತೆ."

ಗ್ಯಾರೇಜಿನ ವಾಸನೆ ಹಾಗೇ ಇತ್ತು, ನಾನು ಮೂಗು ಮುಚ್ಚಲಿಲ್ಲ.

"ಇದು ಹೊಡಿಯೂದಿಲ್ಲಲ್ಲ?" ಹೊಸ ಔಟ್‌ಲೆಟ್ಟಿನ ಕಡೆ ಗದ್ದ ತೋರಿಸಿದರು.

"ಅಳೆದಿದೀನಿ ಅಜ್ಜಿ. ಎಲ್ಲಾ ಕಡೆಯಿಂದಾನೂ ಅಳೆದಿದೀನಿ."

"ಇರಲಿ. ನಾ ಮತ್ತ ಚಪ್ಪಲಿ ಬಿಡಾಕಿ ಅಲ್ಲ."

"ಬಿಡಬೇಡಿ," ಎಂದೆ.